ಕೈಗೆ ಬಂದ ಬಹುವಚನ

ಮೇನೇಜರ್ ನನ್ನ ಅತ್ತಿಗೆಯನ್ನು "ಬನ್ನಿ" ಎಂದು ಕರೆದ. ನನಗೆ ಅನುಮಾನ ಶುರುವಾದದ್ದು ಅಲ್ಲಿಂದ.

ಅದುವರೆಗೆ ಅವನು ಕರೆಯುತ್ತಿದ್ದದ್ದು "ಏ ಕ್ಲೀನಿಂಗು" ಎಂದು. "ಕ್ಲೀನಿಂಗು, ಟಾಯ್ಲೆಟ್ ನೋಡು." "ಕ್ಲೀನಿಂಗು, ಮೆಟ್ಟಿಲ ಹತ್ತಿರ ಮಗು ವಾಂತಿ ಮಾಡಿದೆ, ಬಾ." ಬೇರೆಯವರ ಹತ್ತಿರ ಅವಳ ಮಾತೆತ್ತಿದರೆ ಅವಳು "ಅದು" ಆಗುತ್ತಿದ್ದಳು. "ಅದು ಇನ್ನೂ ಬಂದಿಲ್ವಾ?" ಹೀಗೆ ಅದು ಆಗಿದ್ದವಳು ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಬನ್ನಿ ಆದಳು.

ನಾನೂ ಅತ್ತಿಗೆಗೆ ನೀನು ಎನ್ನುತ್ತೇನೆ. ಅಣ್ಣನ ಹೆಂಡತಿಯಾಗಿ ಅವಳು ಬಂದಾಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ನನಗೆ ತಲೆ ಬಾಚಿದವಳು ಅವಳು. ಆ ನೀನು ಬೇರೆ, ಮೇನೇಜರನ ನೀನು ಬೇರೆ. ಅದಕ್ಕೆ ವ್ಯಾಕರಣ ಓದಬೇಕಾಗಿಲ್ಲ, ಕಿವಿ ಇದ್ದರೆ ಸಾಕು.

ನಾವಿಬ್ಬರೂ ಕೆಲಸ ಮಾಡುತ್ತಿದ್ದದ್ದು ಚರ್ಮರೋಗದ ಒಂದು ಕ್ಲಿನಿಕ್ಕಿನಲ್ಲಿ. ಮುಂದುಗಡೆ ಗಾಜಿನ ಬಾಗಿಲು, ಬಿಳಿ ಸೋಫಾ, ಗೋಡೆಯ ಮೇಲೆ ನಗುವ ಮುಖಗಳ ಚಿತ್ರ. ಮೇಲೆ ಡಾಕ್ಟರಮ್ಮನ ಕೋಣೆ. ಹಿಂದುಗಡೆ, ಶೌಚಾಲಯಗಳ ಪಕ್ಕದಲ್ಲಿ, ಕಿಟಕಿಯಿಲ್ಲದ ನನ್ನ ಲ್ಯಾಬು. ಕೆಮಿಸ್ಟ್ರಿಯಲ್ಲಿ ಡಿಗ್ರಿ ಮಾಡಿದ ಮೇಲೆ ಸಿಕ್ಕ ಕೆಲಸ ಅದು. ರೋಗಿಯ ಚರ್ಮ ಕೆರೆದು ಗಾಜಿನ ಮೇಲಿಟ್ಟು, ಸೂಕ್ಷ್ಮದರ್ಶಕದಲ್ಲಿ ಬೂಷ್ಟು ಇದೆಯೋ ಇಲ್ಲವೋ ನೋಡಿ ಹೇಳುವುದು. ಅಲ್ಲಿ ಗುಡಿಸಿ ಒರೆಸುವ ಕೆಲಸ ಖಾಲಿಯಾದಾಗ ಅತ್ತಿಗೆಯೂ ಸೇರಿದಳು.

ನೆಲ ಒರೆಸಲು ಒಂದು ಹಸಿರು ದ್ರವ ಬರುತ್ತಿತ್ತು. ದೊಡ್ಡ ಕ್ಯಾನು, ಚೀಟಿ ಇಲ್ಲ, ಹೆಸರಿಲ್ಲ. ಅದಕ್ಕೆ ನೀರು ಹೆಚ್ಚು ಬೆರೆಸಬಾರದೆಂದು ಮೇನೇಜರನ ಕಟ್ಟಪ್ಪಣೆ. "ವಾಸನೆ ಬಂದ್ರೆ ತಾನೇ ಕ್ಲೀನ್ ಆಗಿದೆ ಅಂತ ಜನಕ್ಕೆ ಗೊತ್ತಾಗೋದು?" ಅತ್ತಿಗೆ ಬರಿಗೈಯನ್ನು ಆ ಬಕೆಟ್ಟಿಗೆ ಅದ್ದಿ, ಬಟ್ಟೆ ಹಿಂಡಿ, ಮೊಣಕಾಲೂರಿ ಒರೆಸುತ್ತಿದ್ದಳು. ಉದ್ದ ಕೋಲಿನ ಮಾಪು ಇತ್ತು. ಆದರೆ ಅದರಿಂದ ಬಿಳಿ ಟೈಲ್ಸಿನ ಮೇಲೆ ಗೆರೆ ಉಳಿಯುತ್ತದೆ ಎಂದು ಅದನ್ನು ಬಳಸಲು ಬಿಡುತ್ತಿರಲಿಲ್ಲ.

ಮೊದಲು ಬೆರಳ ತುದಿ ಬಿಳಿಚಿತು. ಆಮೇಲೆ ಗಿಣ್ಣುಗಳ ಮೇಲೆ ಸಣ್ಣ ಗೆರೆಗಳು. ಗೆರೆ ಬಿರುಕಾಯಿತು, ಬಿರುಕಿನಲ್ಲಿ ರಕ್ತ ಕಂಡಿತು. ಅತ್ತಿಗೆ ಉಪ್ಪಿನ ಡಬ್ಬಿಗೆ ಕೈ ಹಾಕುವುದು ಬಿಟ್ಟಳು, ಚಮಚದಿಂದ ಉದುರಿಸತೊಡಗಿದಳು. ರಾತ್ರಿ ಮಗಳ ಬೆನ್ನು ಸವರಿದರೆ ಮಗಳು ಮಗ್ಗುಲು ಬದಲಿಸಿ "ಚುಚ್ಚುತ್ತಮ್ಮಾ" ಎನ್ನುತ್ತಿತ್ತು. ಅತ್ತಿಗೆ ಕೈ ಮಗುಚಿ, ಹಿಂಗೈಯಿಂದ ಸವರುತ್ತಿದ್ದಳು. ಹಿಂಗೈಯೂ ಒಡೆದ ಮೇಲೆ ಸವರುವುದನ್ನೇ ನಿಲ್ಲಿಸಿದಳು.

ಒಂದು ದಿನ ಸೋಫಾದ ಮೇಲೆ ಕೂತಿದ್ದ ಹೆಂಗಸೊಬ್ಬಳ ಕಾಲ ಬಳಿ ಅತ್ತಿಗೆ ಒರೆಸುತ್ತಿದ್ದಳು. ಹೆಂಗಸು ಕೈಗಳನ್ನು ನೋಡಿದಳು. ಕಾಲು ಮೇಲೆತ್ತಿಕೊಂಡಳು. ಎದ್ದು ಹೊರಟೇ ಹೋದಳು. ಹೋಗುವಾಗ ಕೌಂಟರಿನಲ್ಲಿ ಕೇಳಿದಳು: "ಇಲ್ಲಿ ಕೆಲಸ ಮಾಡೋರಿಗೇ ವಾಸಿ ಮಾಡಿಲ್ಲ, ನಮಗೇನು ಮಾಡ್ತೀರಿ? ಅದು ಅಂಟಲ್ಲ ಅಂತ ಏನು ಗ್ಯಾರಂಟಿ?"

ಮರುದಿನದಿಂದ ಅತ್ತಿಗೆಗೆ ಬಿಳಿ ಗ್ಲೌಸು ಬಂತು. ಖುಷಿಪಡುವ ಮುನ್ನ ಅದರ ನಿಯಮ ಕೇಳಬೇಕು. ರೋಗಿಗಳು ಕೂರುವ ಹಾಲಿನಲ್ಲಿ ಮಾತ್ರ ಹಾಕಿಕೊಳ್ಳಬೇಕು. ಹಿಂದುಗಡೆ ಬಕೆಟ್ಟಿಗೆ ಕೈ ಹಾಕುವಾಗ ತೆಗೆದಿಡಬೇಕು. "ನೀರಿಗೆ ಹಾಕಿದ್ರೆ ಹಾಳಾಗುತ್ತೆ" ಎಂದ ಮೇನೇಜರ್. ಆ ಗ್ಲೌಸು ಅವಳ ಕೈ ಕಾಯಲು ಬಂದದ್ದಲ್ಲ, ನೋಡುವವರ ಕಣ್ಣು ಕಾಯಲು ಬಂದದ್ದು. ಟೀ ಕೊಡುವಾಗಲೂ ಬದಲಾಯಿತು. ನಮಗೆಲ್ಲ ಪಿಂಗಾಣಿ ಕಪ್ಪು, ಅವಳಿಗೆ ಪೇಪರ್ ಕಪ್ಪು. "ಹೈಜೀನ್" ಎಂದರು. ಹಳೆಯ ಕೆಲಸಕ್ಕೆ ಹೊಸ ಶಬ್ದ.

ನಾನು ಅತ್ತಿಗೆಯನ್ನು ಲ್ಯಾಬಿಗೆ ಕರೆದೆ.

"ಕೈ ಕೊಡು."

"ಯಾಕೆ? ನಿಂಗೂ ಅನುಮಾನಾನಾ?"

"ಅನುಮಾನ ಇರೋದು ಅವರಿಗೆ. ನಂಗೆ ಉತ್ತರ ಬೇಕು."

ಬ್ಲೇಡಿನ ಮೊಂಡು ಅಂಚಿನಿಂದ ಅಂಗೈಯ ಪದರ ಕೆರೆದೆ. ಗಾಜಿನ ಮೇಲೆ ಹಾಕಿ, ಔಷಧದ ಹನಿ ಬಿಟ್ಟು, ಕಾದು ನೋಡಿದೆ. ಬೂಷ್ಟಿನ ಎಳೆ ಒಂದೂ ಇಲ್ಲ. ಮತ್ತೊಂದು ಜಾಗದಿಂದ ಕೆರೆದೆ. ಇಲ್ಲ. ಎಡಗೈಯಿಂದ, ಬೆರಳ ಸಂದಿಯಿಂದ. ಇಲ್ಲ. ಬರೀ ಸತ್ತ ಚರ್ಮ. ಆಮೇಲೆ ಕ್ಯಾನಿನಿಂದ ಒಂದು ಹನಿ ತಂದು ಪರೀಕ್ಷೆಯ ಕಾಗದಕ್ಕೆ ಮುಟ್ಟಿಸಿದೆ. ಕಾಗದ ಕಡುನೀಲಿಗೆ ತಿರುಗಿತು. ಕಟುವಾದ ಕ್ಷಾರ. ಜಿಡ್ಡನ್ನು ಕಂಡಲ್ಲಿ ಕರಗಿಸುವಂಥದ್ದು. ಚರ್ಮವನ್ನು ಮೆತ್ತಗಿಡುವುದೂ ಜಿಡ್ಡೇ. ಕ್ಷಾರಕ್ಕೆ ನೆಲದ ಜಿಡ್ಡು ಯಾವುದು, ಕೈಯ ಜಿಡ್ಡು ಯಾವುದು ಎಂದು ಗೊತ್ತಾಗುವುದಿಲ್ಲ.

ಡಾಕ್ಟರಮ್ಮನ ಹತ್ತಿರ ಹೋಗಿ ಹೇಳಿದೆ. ಅವರು ತಲೆ ಎತ್ತದೆ ನಕ್ಕರು.

"ಅದು ಅಂಟಲ್ಲ ಅಂತ ನನಗೆ ನೋಡಿದ ತಕ್ಷಣ ಗೊತ್ತಾಯ್ತು ಕಣ್ರೀ. ಪೇಷೆಂಟ್‌ಗಳಿಗೆ ಗೊತ್ತಿಲ್ವಲ್ಲ."

"ಗೊತ್ತಾಗಿದ್ರೆ ಅವಳಿಗೆ ಏನಾದ್ರೂ ಬರೆದುಕೊಡಬಹುದಿತ್ತು ಮೇಡಂ."

"ಅವಳು ಕೇಳಲೇ ಇಲ್ಲವಲ್ಲ. ಯಾವುದಾದ್ರೂ ಒಂದು ಕ್ರೀಮ್ ಹಚ್ಕೊಳ್ಳೋಕೆ ಹೇಳಿ."

ಯಾವುದಾದರೂ. ಬೇರೆಯವರಿಗೆ ಒಂದೊಂದು ಬೆರಳಿಗೆ ಒಂದೊಂದು ಕ್ರೀಮು ಬರೆಯುವ ಕೈ ಅದು.

ಆ ಸಂಜೆ ನಾನೂ ಅತ್ತಿಗೆಯೂ ಔಷಧಿ ಅಂಗಡಿಗೆ ಹೋದೆವು. ಒಂದು ಗೋಡೆಯ ತುಂಬ ಬರೀ ಕೈಗೆ ಹಚ್ಚುವ ಕ್ರೀಮುಗಳು. ಒಂದರ ಮೇಲೆ ಗುಲಾಬಿ, ಒಂದರ ಮೇಲೆ ಜೇನು, ಒಂದರ ಮೇಲೆ ಹಾಲಿನ ಹನಿ. ನಾನು ಹಿಂಬದಿಯ ಸಣ್ಣಕ್ಷರ ಓದುತ್ತ ನಿಂತೆ. ಎಲ್ಲದರಲ್ಲೂ ಮೊದಲ ವಸ್ತು ನೀರು. ಕೊನೆಯದು ಸುಗಂಧ. ಅಂಗಡಿಯವನು ಅತ್ತಿಗೆಯ ಕೈ ನೋಡಿ, ಟ್ಯೂಬನ್ನು ಕೈಗೆ ಕೊಡದೆ ಗಾಜಿನ ಮೇಲೆ ಒಂದೇ ಬೆರಳಿನಿಂದ ತಳ್ಳಿದ.

"ಇದು ಚೆನ್ನಾಗಿ ಹೋಗುತ್ತೆ. ಹೂವಿನ ಘಮ."

"ಹೂವಿನ ಘಮ ಇದ್ರೆ ಅದು ಮೂಗಿಗೆ ಮಾಡಿರೋದು ಕಣಪ್ಪ" ಎಂದಳು ಅತ್ತಿಗೆ. "ನಂಗೆ ಒಡೆದಿರೋದು ಕೈ."

"ಹಚ್ಚಿ ನೋಡಿ, ಉರಿದ್ರೆ ಕೇಳಿ."

ಹಚ್ಚಿದಳು. ಉರಿಯಿತು. ಕಣ್ಣಲ್ಲಿ ನೀರು ನಿಂತಿತು. "ಉರೀತು, ಈಗ ಏನು ಕೇಳ್ಲಿ?" ಎಂದಳು. ಅಂಗಡಿಯವನು ಬೇರೆ ಗಿರಾಕಿಯ ಕಡೆ ತಿರುಗಿಬಿಟ್ಟ.

ಕೆಳಗಿನ ಸಾಲಿನಲ್ಲಿ, ಧೂಳು ಹಿಡಿದ ಮೂಲೆಯಲ್ಲಿ ನನಗೆ ಬೇಕಾದದ್ದಿತ್ತು. ಪೆಟ್ರೋಲಿಯಂ ಜೆಲ್ಲಿ. ಬಣ್ಣವಿಲ್ಲ, ವಾಸನೆಯಿಲ್ಲ, ನೀರಿಲ್ಲ.

"ಪೆಟ್ರೋಲಾ?" ಅತ್ತಿಗೆ ಡಬ್ಬಿಯನ್ನು ದೂರ ಹಿಡಿದಳು. "ಒಲೆ ಮುಂದೆ ನಿಂತ್ರೆ ಹತ್ಕೊಳ್ಳಲ್ವಾ? ಇಷ್ಟೊಂದು ಕ್ರೀಮ್ ಬಿಟ್ಟು ಮೂಲೇಲಿರೋದನ್ನ ಯಾಕೆ ತೆಗೆದೆ? ಯಾರೂ ತಗೊಳ್ಳದೇ ಇರೋದು ನಮಗೆ ಅಂತಾನಾ?"

"ಕೈ ಒದ್ದೆ ಇರೋವಾಗಲೇ ಹಚ್ಚಬೇಕು. ಇದು ನೀರು ಕೊಡಲ್ಲ, ಇರೋ ನೀರನ್ನ ಹೊರಗೆ ಬಿಡಲ್ಲ. ಅಷ್ಟೇ ಇದರ ಕೆಲಸ."

"ಇದೊಂದೇ ಸುಳ್ಳು ಹೇಳದೇ ಇರೋದು ಅನ್ಸುತ್ತೆ" ಎಂದು ಡಬ್ಬಿಯ ಮುಚ್ಚಳ ಮೂಸಿದಳು. "ವಾಸನೇನೇ ಇಲ್ವಲ್ಲ."

ದಪ್ಪ ರಬ್ಬರಿನ ಗ್ಲೌಸನ್ನೂ ಕೊಂಡು ತಂದೆವು. ಅದನ್ನು ಅವಳು ಹಿಂದುಗಡೆ ಡ್ರಮ್ಮಿನ ಸಂದಿಯಲ್ಲಿ ಬಚ್ಚಿಟ್ಟು, ಯಾರೂ ಇಲ್ಲದಾಗ ಹಾಕಿಕೊಳ್ಳುತ್ತಿದ್ದಳು. ಹಸಿರು ದ್ರವಕ್ಕೆ ನಾನು ಹೇಳಿದಷ್ಟು ನೀರು ಬೆರೆಸಿದಳು. ಮಲಗುವ ಮುಂಚೆ ಕೈಗೆ ದಪ್ಪಗೆ ಜೆಲ್ಲಿ ಬಳಿದು ಅಣ್ಣನ ಹಳೆಯ ಕಾಲುಚೀಲಗಳನ್ನು ಕೈಗೆ ಏರಿಸಿಕೊಂಡಳು. ಅಣ್ಣ ನೋಡಿ, "ಏನಮ್ಮಾ, ಯಾರಿಗೆ ಗುದ್ದೋಕೆ ಹೊರಟೆ?" ಎಂದ.

"ಸಿಗ್ಲಿ ಇರು, ಹುಡುಕ್ತಿದ್ದೀನಿ" ಎಂದಳು.

ಮೊದಲ ವಾರ ಏನೂ ಆಗಲಿಲ್ಲ. ಅತ್ತಿಗೆ ದಿನಾ ಬೆಳಿಗ್ಗೆ ಕೈಯನ್ನು ಬೆಳಕಿಗೆ ಹಿಡಿದು ನೋಡಿ, ನನ್ನನ್ನೂ ನೋಡುತ್ತಿದ್ದಳು, ಮೋಸಮಾಡಿದವಳನ್ನು ನೋಡುವ ಹಾಗೆ. ಆಮೇಲೆ ಗಿಣ್ಣಿನ ಬಿರುಕು ಕೂಡಿತು. ಬೆರಳು ಮಡಿಸಲು ಬಂತು. ಒಂದು ದಿನ ಅಡುಗೆಮನೆಯಲ್ಲಿ ಅವಳು ಉಪ್ಪನ್ನು ಬೆರಳಲ್ಲಿ ಚಿವುಟಿ ಹಾಕಿದ್ದು ಕಂಡೆ. ಹಾಕಿದ ಮೇಲೆ ಬೆರಳ ತುದಿಯನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತಳು. ಉರಿಯನ್ನು ಕಾಯುತ್ತಿದ್ದಳು. ಬರಲಿಲ್ಲ.

ಇಷ್ಟಾದ ಮೇಲೆ ಆ "ಬನ್ನಿ."

"ಬನ್ನಿ, ಡಾಕ್ಟರ್ ಕರೀತಿದ್ದಾರೆ" ಎಂದ ಮೇನೇಜರ್. ಅವನ ಮುಖದಲ್ಲಿ ನಗು ಇತ್ತು. ರೋಗಿಗಳ ಮುಂದೆ ಹಾಕಿಕೊಳ್ಳುವ ನಗು. ಅತ್ತಿಗೆ ಹಿಂದೆ ತಿರುಗಿ ನೋಡಿದಳು, ಬೇರೆ ಯಾರನ್ನೋ ಕರೆಯುತ್ತಿದ್ದಾನೆ ಎಂದುಕೊಂಡು. ಆಮೇಲೆ ಲ್ಯಾಬಿನ ಬಾಗಿಲಿಗೆ ಬಂದು ಪಿಸುಗುಟ್ಟಿದಳು. "ಬನ್ನಿ ಅಂದ ಕಣೇ. ಕೆಲಸದಿಂದ ತೆಗೀತಾರೋ ಏನೋ. ನೀನೂ ಬಾ."

ಡಾಕ್ಟರಮ್ಮನ ಕೋಣೆಯಲ್ಲಿ ಕುರ್ಚಿ ಎಳೆದಿಟ್ಟಿತ್ತು.

"ಕೂತ್ಕೊಳ್ಳಿ" ಎಂದ ಮೇನೇಜರ್.

"ಬೇಡ ಸಾರ್. ಕೂತ್ರೆ ಮತ್ತೆ ಒರೆಸೋಳು ನಾನೇ."

ಡಾಕ್ಟರಮ್ಮ ನಕ್ಕರು. ಕ್ಲಿನಿಕ್ಕಿನದೇ ಒಂದು ಹೊಸ ಕ್ರೀಮು ಬರುತ್ತಿದೆ ಎಂದರು. ಒಣಗಿ ಒಡೆದ ಕೈಗೆಂದೇ ಮಾಡಿದ್ದು. ಹಾಲಿನ ಗೋಡೆಗೆ ದೊಡ್ಡ ಚಿತ್ರ ಹಾಕುತ್ತಾರೆ. ಒಂದು ಕಡೆ ಒಡೆದ ಕೈ, ಇನ್ನೊಂದು ಕಡೆ ನುಣುಪಾದ ಕೈ. ಮೇನೇಜರ್ ಮಾತು ಮುಂದುವರಿಸಿದ. "ಒಡೆದ ಕೈ ಅಂದ ತಕ್ಷಣ ನಮಗೆ ನೆನಪಾಗಿದ್ದೇ ನೀವು. ಮುಖ ಬರಲ್ಲ, ಬರೀ ಕೈ. ನಿಮಗೆ ಯಾವ ತೊಂದರೇನೂ ಇಲ್ಲ."

"ಈ ಕಡೆ ನನ್ನ ಕೈ" ಎಂದಳು ಅತ್ತಿಗೆ ನಿಧಾನವಾಗಿ. "ಆ ಕಡೆ ಯಾರದ್ದು?"

"ಅದು ರಿಸೆಪ್ಷನ್ ಹುಡುಗೀದು ತೆಗೆದಾಯ್ತು."

"ಕ್ರೀಮ್ ಹಚ್ಚಿದ್ರೆ ನನ್ನ ಕೈ ಹೋಗಿ ಅವಳ ಕೈ ಬರುತ್ತಾ ಸಾರ್?"

ಯಾರೂ ನಗಲಿಲ್ಲ. ನಾನು ಮಾತ್ರ ನಗು ತಡೆದುಕೊಂಡೆ.

"ಎಲ್ಲಿ, ಕೈ ತೋರಿಸಿ" ಎಂದರು ಡಾಕ್ಟರಮ್ಮ.

ಅತ್ತಿಗೆ ತೋರಿಸಿದಳು. ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಇಷ್ಟು ತಿಂಗಳಲ್ಲಿ ಅವರು ಆ ಕೈಗಳನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಮುಖ ಸಪ್ಪಗಾಯಿತು.

"ಅಯ್ಯೋ. ವಾಸಿ ಆಗ್ಬಿಟ್ಟಿದೆಯಲ್ರೀ."

ಹುಣ್ಣು ಮಾಯ್ದರೆ ಬೇಸರಪಡುವ ವೈದ್ಯರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಮೇನೇಜರ್ ಸಮಾಧಾನ ಹೇಳಿದ. "ಏನೂ ಯೋಚನೆ ಬೇಡ ಮೇಡಂ. ಫೋಟೋದವರು ಬರೋದು ಶುಕ್ರವಾರ. ಅಷ್ಟರಲ್ಲಿ ಬರುತ್ತೆ." ಆಮೇಲೆ ಅತ್ತಿಗೆಯ ಕಡೆ ತಿರುಗಿದ. "ನೋಡಿ, ಏನೇನು ಹಚ್ತಿದ್ದೀರೋ ನಿಲ್ಲಿಸಿಬಿಡಿ. ಡ್ರಮ್ಮಿನ ಹಿಂದೆ ಗ್ಲೌಸ್ ಇಟ್ಟಿದ್ದೀರಲ್ಲ, ಅದೂ ಬೇಡ. ಕ್ಯಾನಿನದ್ದು ಹಾಗೇ ಹಾಕಿ, ನೀರು ಬೇಡ. ಬರಿಗೈಯಲ್ಲಿ ಒರೆಸಿ. ಎರಡು ದಿನ ಸಾಕು, ಮೊದಲಿನ ಥರಾನೇ ಒಡೆದುಬಿಡುತ್ತೆ."



ಅವನಿಗೆ ಗೊತ್ತಿತ್ತು. ನಾನು ಕಾಗದ ಅದ್ದಿ ಕಂಡುಕೊಂಡದ್ದು ಅವನಿಗೆ ಮೊದಲೇ ಗೊತ್ತಿತ್ತು. ಯಾವುದರಿಂದ ಒಡೆಯುತ್ತದೆ ಎಂದೂ, ಎಷ್ಟು ದಿನಕ್ಕೆ ಒಡೆಯುತ್ತದೆ ಎಂದೂ. ವಾಸನೆ ಬರಲಿ ಎಂದು ಹೇಳುವಾಗಲೂ ಗೊತ್ತಿತ್ತು. ನಾನು ಡಾಕ್ಟರಮ್ಮನ ಮುಖ ನೋಡಿದೆ. ಅವರು ಆಶ್ಚರ್ಯಪಡಲಿಲ್ಲ. ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳ ಹಾಕುತ್ತಿದ್ದರು.

"ಇಲ್ಲ" ಎಂದಳು ಅತ್ತಿಗೆ.

"ಏನಿಲ್ಲ?"

"ಕೈ ಒಡ್ಕೊಳ್ಳಲ್ಲ."

"ಎರಡೇ ದಿನ ಕಣ್ರೀ. ಫೋಟೋ ಆದ ಮೇಲೆ ನಮ್ಮ ಕ್ರೀಮೇ ಕೊಡ್ತೀವಿ. ಫ್ರೀ."

"ಒಡೆದು ಹಚ್ಚೋದು ಯಾಕೆ ಸಾರ್? ಒಡೀದೇ ಇದ್ರೆ ಸಾಲ್ದಾ?"

"ಹಾಗಲ್ಲ, ಅರ್ಥ ಮಾಡ್ಕೊಳ್ಳಿ..."

"ಅರ್ಥ ಆಯ್ತು. ಆವತ್ತು ಆ ಹೆಂಗಸು ಕಾಲೆತ್ತಿಕೊಂಡು ಹೋದಾಗ ಇದೇ ಕೈ ಮುಚ್ಕೋ ಅಂದ್ರಿ. ಈಗ ಇದೇ ಕೈ ಗೋಡೆಗೆ ಹಾಕ್ತೀನಿ ಅಂತೀರಿ. ಆವತ್ತು ಇದನ್ನ ನೋಡಿ ಜನ ಓಡಿಹೋಗ್ತಾರೆ ಅಂದ್ರಿ. ಈಗ ಇದನ್ನ ನೋಡಿ ಜನ ಬರ್ತಾರೆ ಅಂತೀರಿ. ಬರೋದೂ ಹೋಗೋದೂ ನಿಮ್ಮ ವ್ಯಾಪಾರ. ಉರಿಯೋದು ನಂಗೆ."

"ಏ, ಜಾಸ್ತಿ ಮಾತಾಡ್ಬೇಡ. ಕೊಟ್ಟ ಕೆಲಸ ಮಾಡು. ನಾಳೆಯಿಂದ ಗ್ಲೌಸ್ ಕಂಡ್ರೆ ನೋಡು."

ಬಹುವಚನ ಅಲ್ಲಿಗೆ ಮುಗಿಯಿತು. ಅತ್ತಿಗೆಯ ಮುಖ ಸಡಿಲವಾಯಿತು. ಬೆಳಿಗ್ಗೆಯಿಂದ ಬಿಗಿಹಿಡಿದಿದ್ದ ಉಸಿರು ಬಿಟ್ಟಳು.

"ಹಾಂ, ಈಗ ಸರಿಯಾಯ್ತು. ಈಗ ನೀನು ನೀನಾದೆ" ಎಂದಳು ಅವನಿಗೆ. "ನನ್ನ ಕೈಗೆ ಮರ್ಯಾದೆ ಕೊಟ್ಟು ಮಾತಾಡಿದ್ಯಲ್ಲ, ಆಗಲೇ ಹೆದರಿಕೆ ಆಗಿತ್ತು."

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ನೀವಾದ್ರೂ ಹೇಳಿ ಇವಳಿಗೆ. ಓದಿದವರು."

"ಕ್ಯಾನಿನಲ್ಲಿರೋದು ಕಟುಕ್ಷಾರ ಮೇಡಂ" ಎಂದೆ. "ನೀವೂ ಓದಿದವರು."

ಅತ್ತಿಗೆ ಜೇಬಿನಿಂದ ಆ ಬಿಳಿ ಗ್ಲೌಸು ತೆಗೆದು ಮೇಜಿನ ಮೇಲಿಟ್ಟಳು. ಎಸೆಯಲಿಲ್ಲ. ಮಡಿಸಿ ಇಟ್ಟಳು. ಮೆಟ್ಟಿಲಿಳಿದು, ಹಾಲಿನ ನಡುವೆ, ಕೂತವರೆಲ್ಲರ ಕಣ್ಣ ಮುಂದೆ ಬರಿಗೈ ಬೀಸಿಕೊಂಡು ಗಾಜಿನ ಬಾಗಿಲಿನಿಂದ ಹೊರಗೆ ಹೋದಳು. ಆ ಬಾಗಿಲಿನಿಂದ ಅವಳು ಅದಕ್ಕೆ ಮೊದಲು ಎಂದೂ ಹೋಗಿರಲಿಲ್ಲ.

ನನ್ನನ್ನು ತೆಗೆಯಲಿಲ್ಲ. ಯಾಕೆ ಎಂದು ಯೋಚಿಸಿದೆ. ನನ್ನ ಮೇಲಿನ ಪ್ರೀತಿಯಿಂದಲ್ಲ. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಕೂರುವವರು ಬೇಗ ಸಿಗುವುದಿಲ್ಲ. ನೆಲ ಒರೆಸುವವರು ಸಿಗುತ್ತಾರೆ. ಮಾರನೆಯ ಬೆಳಿಗ್ಗೆಯೇ ಸಿಕ್ಕರು.

ಆ ಬೆಳಿಗ್ಗೆ ತನ್ನ ಚಪ್ಪಲಿ, ಊಟದ ಡಬ್ಬಿ, ಡ್ರಮ್ಮಿನ ಹಿಂದಿನ ಗ್ಲೌಸು ತೆಗೆದುಕೊಳ್ಳಲು ಅತ್ತಿಗೆ ಹಿಂಬಾಗಿಲಿಗೆ ಬಂದಳು. ಹೊಸ ಹೆಂಗಸು ಅಲ್ಲೇ ನಿಂತಿದ್ದಳು. ಗಟ್ಟಿಮುಟ್ಟಾದವಳು. ಕೈ ಇನ್ನೂ ಚೆನ್ನಾಗಿತ್ತು. ಅತ್ತಿಗೆ ನೇರ ವಿಷಯಕ್ಕೆ ಬಂದಳು. ಹಸಿರು ನೀರಿನ ಬಗ್ಗೆ, ಶುಕ್ರವಾರದ ಫೋಟೋದ ಬಗ್ಗೆ ಹೇಳಿದಳು. ಹೊಸಬಳು ಕೇಳಿಸಿಕೊಂಡಳು. ಅವಳ ಕಣ್ಣು ಕಿರಿದಾಯಿತು.

"ಇದನ್ನೆಲ್ಲ ನಂಗ್ಯಾಕೆ ಹೇಳ್ತಿದ್ದೀರಿ? ಕೆಲಸ ಹೋದ ಹೊಟ್ಟೆಉರೀಗಾ?"

"ಹೊಟ್ಟೆ ಉರೀತಿರೋದು ನಿಜ" ಎಂದಳು ಅತ್ತಿಗೆ.

"ನಾನು ಹೋದ್ರೆ ಮತ್ತೆ ನೀವು ಸೇರ್ಕೋಬಹುದು ಅಂತಾನಾ?"

"ಹಾಗೇ ಅಂದ್ಕೋ. ನನ್ನ ಮಾತು ನಂಬಬೇಡ. ಅವನ ಮಾತೂ ನಂಬಬೇಡ."

ಅಷ್ಟೇ ಹೇಳಿ ಅತ್ತಿಗೆ ಹೊರಟಳು. ಹೊಸಬಳು ಅವಳ ಬೆನ್ನನ್ನೇ ನೋಡುತ್ತಿದ್ದಳು. ಒಂದು ಅಕ್ಷರವನ್ನೂ ನಂಬಿದ ಹಾಗೆ ಕಾಣಲಿಲ್ಲ. ನನಗೆ ನಿರಾಸೆಯಾಯಿತು. ಲ್ಯಾಬಿನ ಬಾಗಿಲಲ್ಲಿ ನಿಂತೇ ಇದ್ದೆ.

ಸ್ವಲ್ಪ ಹೊತ್ತಿಗೆ ಮೇನೇಜರ್ ಬಂದ. ಬಕೆಟ್ಟಿಗೆ ಕ್ಯಾನು ಬಗ್ಗಿಸಿದ. ಹಸಿರು ದ್ರವ ಗಳಗಳ ಸುರಿಯಿತು. ವಾಸನೆ ಮೂಗಿಗೆ ಅಡರಿತು.

"ನೀರು ಬೇಡ. ಬಟ್ಟೆ ಅದ್ದು, ಹಿಂಡು, ಒರೆಸು" ಎಂದ.

ಹೊಸಬಳು ಬಕೆಟ್ಟಿನೊಳಗೆ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಗ್ಗಲಿಲ್ಲ.

"ಹೇಗೆ ಹಿಂಡ್ಬೇಕು?" ಎಂದಳು.

"ಅದೂ ಹೇಳಿಕೊಡಬೇಕಾ? ಕೈ ಹಾಕಿ ಹಿಂಡು."

"ನೀವೊಂದ್ಸಲ ಹಾಕಿ ತೋರಿಸಿ ಸಾರ್. ನೋಡ್ಕೊಂಡು ಮಾಡ್ತೀನಿ."

"ಏನು?"

"ಕೈ. ಇದರಲ್ಲಿ. ಒಂದೇ ಒಂದ್ಸಲ."

ಅವನು ಅವಳನ್ನು ನೋಡಿದ. ಅವಳು ಅವನ ಕೈಯನ್ನು ನೋಡುತ್ತಿದ್ದಳು. ಕೈ ಪ್ಯಾಂಟಿನ ಜೇಬಿನೊಳಗಿತ್ತು. ಅದು ಹೊರಗೆ ಬರಲಿಲ್ಲ.

ನಾನು ಹೋಗಿ ಬಕೆಟ್ಟನ್ನು ಕಾಲಿನಿಂದ ಅವನ ಹತ್ತಿರಕ್ಕೆ ಸರಿಸಿದೆ.